ಅಡಿಪಟ್ಟಿಯ ಎರಡು ಅಂಚುಗಳು

ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಸ್ಕೇಲಿಗೆ ಎರಡು ಅಂಚು. ಒಂದರಲ್ಲಿ ಸೆಂಟಿಮೀಟರು, ಇನ್ನೊಂದರಲ್ಲಿ ಇಂಚು. ಗಣಿತದ ಪಾಠಕ್ಕೆ ಬೇಕಾಗುವುದು ಮೊದಲನೆಯದು ಮಾತ್ರ. ಆದರೆ ಬಡಗಿ ಬಾಗಿಲಿನ ಚೌಕಟ್ಟು ಅಳೆಯುವುದು, ದರ್ಜಿ ಎದೆಸುತ್ತು ಹೇಳುವುದು, ದಲ್ಲಾಳಿ ನಿವೇಶನದ ಮಾತೆತ್ತುವುದು ಎಲ್ಲವೂ ಎರಡನೆಯ ಅಂಚಿನ ಭಾಷೆಯಲ್ಲಿ. ಇಂಚು, ಅಡಿಗಳನ್ನು ಕಾನೂನು ಕೈಬಿಟ್ಟು ಆರು ದಶಕಗಳೇ ಕಳೆದಿವೆ. ಆದರೂ ಅವು ಉಳಿದಿರುವುದಕ್ಕೆ ಬರೀ ಹಳೆಯ ಚಾಳಿ ಕಾರಣವಲ್ಲ. ಒಂದು ವಸ್ತುವನ್ನು ಪಾಲು ಮಾಡುವ ಎರಡು ಬೇರೆ ಬೇರೆ ಲೆಕ್ಕಾಚಾರಗಳು ಈ ಎರಡು ಅಂಚುಗಳಲ್ಲಿ ಕುಳಿತಿವೆ.

ಸೆಂಟಿಮೀಟರಿನ ಅಂಚನ್ನು ಓದುವುದು ಸುಲಭ. ಒಂದು ಅಂಕಿಯಿಂದ ಮುಂದಿನ ಅಂಕಿಯವರೆಗೆ ಹತ್ತು ಮನೆ. ನಡುವಿನ ಐದನೆಯ ಗೆರೆ ತುಸು ಉದ್ದ. ನಾಲ್ಕರ ನಂತರ ಏಳನೆಯ ಗೆರೆಗೆ ಪೆನ್ಸಿಲಿನ ತುದಿ ಬಂದರೆ ಅದು 4.7 ಸೆಂಟಿಮೀಟರು, ಇಲ್ಲವೇ 47 ಮಿಲಿಮೀಟರು. ಇಂಚಿನ ಅಂಚಿನಲ್ಲಿ ಗೆರೆಗಳ ಎತ್ತರವನ್ನು ಗಮನಿಸಬೇಕು. ಒಂದು ಇಂಚಿನ ನಟ್ಟನಡುವೆ ಇರುವ ಉದ್ದ ಗೆರೆ ಅರ್ಧ. ಅದಕ್ಕಿಂತ ಗಿಡ್ಡನೆಯದು ಕಾಲು. ಇನ್ನೂ ಗಿಡ್ಡನೆಯದು ಎಂಟನೆಯ ಒಂದು ಭಾಗ, ಎಲ್ಲಕ್ಕಿಂತ ಚಿಕ್ಕದು ಹದಿನಾರನೆಯ ಒಂದು ಭಾಗ. ತುದಿ ಹತ್ತನೆಯ ಗೆರೆಗೆ ಬಂದರೆ ಹದಿನಾರರಲ್ಲಿ ಹತ್ತು, ಅಂದರೆ ಎಂಟರಲ್ಲಿ ಐದು. ಇಲ್ಲಿ ದಶಮಾಂಶ ಬಿಂದುವಿಗೆ ಕೆಲಸವಿಲ್ಲ. ಎರಡೂ ಅಂಚಿಗೆ ಸಲ್ಲುವ ಎಚ್ಚರಿಕೆಯೊಂದಿದೆ: ಹಲವು ಪಟ್ಟಿಗಳಲ್ಲಿ ಸೊನ್ನೆಯ ಗೆರೆ ಪಟ್ಟಿಯ ತುದಿಯಲ್ಲಿರದೆ ಸ್ವಲ್ಪ ಒಳಗಿರುತ್ತದೆ. ತುದಿಯಿಂದಲೇ ಅಳೆದವರ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಸಾಗುವ ಈ ಕ್ರಮ ಕನ್ನಡಿಗರಿಗೆ ಇಂಗ್ಲಿಷರು ಬಂದು ಕಲಿಸಿದ್ದೇನಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂಬ ಮಾತುಗಳು ಮೊದಲೇ ಇದ್ದವು. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ಇಂಚಿನ ಅಂಚಿನ ಅತಿ ಚಿಕ್ಕ ಗೆರೆಯೂ ಅಷ್ಟೇ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದಲ್ಲಿ ನಾಲ್ಕಾಣೆ ಎಂದರೆ ಕಾಲು, ಎಂಟಾಣೆ ಎಂದರೆ ಅರ್ಧ, ಹನ್ನೆರಡಾಣೆ ಎಂದರೆ ಮುಕ್ಕಾಲು ಎಂಬುದು ಓದು ಬಾರದವರಿಗೂ ತಿಳಿದಿತ್ತು. ಪೂರ್ತಿ ನಿಜವಾದ ಮಾತನ್ನು 'ಹದಿನಾರಾಣೆ ಸತ್ಯ' ಎನ್ನುವುದು ಈಗಲೂ ಉಂಟು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿದ ಆ ತಲೆಮಾರಿಗೆ ಇಂಚಿನ ಅಂಚು ಚಿಲ್ಲರೆ ಎಣಿಸಿದಷ್ಟೇ ಸಲೀಸು. ಹಗ್ಗವನ್ನಾಗಲಿ ಬಟ್ಟೆಯನ್ನಾಗಲಿ ಮಡಚಿ ಮಡಚಿ ಹದಿನಾರು ಸಮಪಾಲು ಮಾಡಲು ಯಾವ ಪಟ್ಟಿಯೂ ಬೇಡ. ಹತ್ತು ಪಾಲು ಮಾಡಿ ನೋಡಿದರೆ ಕಷ್ಟ ತಿಳಿಯುತ್ತದೆ.

ಈ ಹದಿನಾರರ ಲೆಕ್ಕಕ್ಕೆ ಮೊದಲ ಪೆಟ್ಟು ಬಿದ್ದದ್ದು ಅಳತೆಯಲ್ಲಲ್ಲ, ನಾಣ್ಯದಲ್ಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾಯಿತು. ನಾಲ್ಕಾಣೆಗೆ ಸರಿಯಾಗಿ 25, ಎಂಟಾಣೆಗೆ 50. ಆದರೆ ಒಂದಾಣೆಗೆ ಆರೂಕಾಲು ಪೈಸೆ! ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಕೋಷ್ಟಕ ಮಾಡಬೇಕಾಯಿತು. ಒಂದೊಂದೇ ಆಣೆಯನ್ನು ನಾಲ್ಕು ಸಲ ಬದಲಿಸಿಕೊಂಡವನಿಗೆ 24 ಪೈಸೆ, ನಾಲ್ಕನ್ನೂ ಒಟ್ಟಿಗೆ ಕೊಟ್ಟವನಿಗೆ 25. ಹತ್ತರ ಲೆಕ್ಕಕ್ಕೂ ಹದಿನಾರರ ಲೆಕ್ಕಕ್ಕೂ ಹೊಂದಿಕೆಯಿಲ್ಲ ಎಂಬುದು ಜನಕ್ಕೆ ಮನದಟ್ಟಾದದ್ದು ಬಹುಶಃ ಆಗಲೇ. ಅಳತೆ ಮತ್ತು ತೂಕಗಳ ಕಾಯ್ದೆ 1956ರಲ್ಲಿ ಬಂದಿತ್ತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದವು. ಕೆಲವೇ ವರ್ಷಗಳಲ್ಲಿ ಸೇರು, ಮಣಗಳು ಅಂಗಡಿಯಿಂದ ಹೊರಟುಹೋದವು. ಗಜ ಹೋಗಿ ಬಟ್ಟೆಯಂಗಡಿಗೆ ಮೀಟರು ಬಂತು. ಹೂವಿನವರ ಮೊಳವನ್ನು ಮಾತ್ರ ಯಾವ ಕಾಯ್ದೆಯೂ ಅಲುಗಿಸಲಿಲ್ಲ.

ಹಾಗೆಂದು ಇಂಚು ಸ್ವತಂತ್ರವಾಗಿ ನಿಂತಿದೆ ಎಂದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮೂರು ಬಾರ್ಲಿ ಕಾಳುಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು ಎನ್ನುತ್ತಿದ್ದರು. ನಮ್ಮ ಅರ್ಥಶಾಸ್ತ್ರದಲ್ಲಿ ಎಂಟು ಯವೆಗಳ ನಡುಭಾಗದ ಅಗಲ ಒಂದು ಅಂಗುಲ. ಎರಡೂ ಕಡೆ ಅದೇ ಕಾಳು, ಇಟ್ಟ ರೀತಿ ಮಾತ್ರ ಬೇರೆ. ಕಾರ್ಖಾನೆಗಳ ಯುಗಕ್ಕೆ ಕಾಳಿನ ಲೆಕ್ಕ ಸಾಲದು. ಇಪ್ಪತ್ತನೆಯ ಶತಮಾನದಲ್ಲೂ ಬ್ರಿಟನ್ನಿನ ಇಂಚಿಗೂ ಅಮೆರಿಕದ ಇಂಚಿಗೂ ಕೂದಲೆಳೆಗಿಂತ ಕಡಿಮೆಯಾದರೂ ವ್ಯತ್ಯಾಸವಿತ್ತು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕ ಸೇರಿ ಒಂದು ಇಂಚೆಂದರೆ ನಿಖರವಾಗಿ 25.4 ಮಿಲಿಮೀಟರು ಎಂದು ಒಪ್ಪಿಕೊಂಡವು. ಅಂದಿನಿಂದ ಇಂಚಿನ ಉದ್ದವನ್ನು ಗೊತ್ತುಮಾಡುವುದು ಮೀಟರೇ. ಒಂದು ಅಡಿಗೆ 30.48 ಸೆಂಟಿಮೀಟರು. ದೊಡ್ಡ ಸ್ಕೇಲಿನಲ್ಲಿ 30ರ ಗೆರೆ 12 ಇಂಚಿನ ಗೆರೆಯನ್ನು ಮುಟ್ಟದೆ ಅರ್ಧ ಸೆಂಟಿಮೀಟರಿನಷ್ಟು ಹಿಂದೆಯೇ ನಿಲ್ಲುವುದು ಇದರಿಂದಲೇ.

ಕರ್ನಾಟಕದಲ್ಲಿ ಹಳೆಯ ಅಳತೆ ಆಳವಾಗಿ ಬೇರುಬಿಟ್ಟಿರುವುದು ಭೂಮಿಯ ದಾಖಲೆಗಳಲ್ಲಿ. ಮೊದಲು ಹೊಲವನ್ನು ಬಿತ್ತನೆಯ ಬೀಜದಿಂದ ಎಣಿಸುವ ರೂಢಿಯಿತ್ತು: ಇಷ್ಟು ಖಂಡುಗದ ಗದ್ದೆ, ಇಷ್ಟು ಕೊಳಗದ ಹೊಲ ಎಂದು. ಖುಷ್ಕಿಯ ಖಂಡುಗಕ್ಕೂ ತರಿಯ ಖಂಡುಗಕ್ಕೂ ವಿಸ್ತೀರ್ಣ ಒಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತ್ಯದ ಸರ್ವೆ ಪದ್ಧತಿ ಉತ್ತರದ ಜಿಲ್ಲೆಗಳಿಗೂ, 1860ರ ದಶಕದಲ್ಲಿ ಮೈಸೂರಿಗೂ ಬಂತು. ಅದರೊಂದಿಗೆ ಬಂದದ್ದು 33 ಅಡಿಯ ಸರಪಳಿ. ಇದರ ಹಿಂದಿನ ಕಥೆ ಸ್ವಾರಸ್ಯಕರ. ಹದಿನೇಳನೆಯ ಶತಮಾನದ ಇಂಗ್ಲಿಷ್ ಗಣಿತಜ್ಞ ಎಡ್ಮಂಡ್ ಗುಂಟರ್ ರೂಪಿಸಿದ ಸರಪಳಿಯ ಉದ್ದ 66 ಅಡಿ, ಅಂದರೆ ಕ್ರಿಕೆಟ್ ಪಿಚ್ಚಿನ 22 ಗಜ. ಅದರಲ್ಲಿ ನೂರು ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಹೀಗೆ ಇಂಗ್ಲಿಷರ ಎಕರೆಯೊಳಗೇ ಹತ್ತರ ಲೆಕ್ಕ ನುಸುಳಿತ್ತು. ಇಲ್ಲಿಯವರು ಮಾಡಿದ್ದೇನು? ಸರಪಳಿಯನ್ನು ಅರ್ಧಮಾಡಿ, ಆ 33 ಅಡಿಯನ್ನು ಹದಿನಾರು ಆಣೆಗಳಾಗಿ ಹಂಚಿದರು! ಉದ್ದ, ಅಗಲ ಎರಡೂ 33 ಅಡಿ ಇರುವ 1089 ಚದರಡಿಯ ಜಾಗ ಒಂದು ಗುಂಟೆ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ರೂಪಾಯಿಯ ಆಣೆ ಹೋದರೂ ಗುಂಟೆಯ ಆಣೆ ದಾಖಲೆಗಳಲ್ಲಿ ಉಳಿದುಕೊಂಡಿತು.

ತೊಡಕು ಹುಟ್ಟುವುದು ಒಂದು ಲೆಕ್ಕದ ಕಣ್ಣಿನಿಂದ ಇನ್ನೊಂದನ್ನು ಓದಿದಾಗ. ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಡುವಿನ ಚುಕ್ಕೆ ದಶಮಾಂಶ ಬಿಂದುವಲ್ಲ. ಶಾಲೆಯಲ್ಲಿ ಮೆಟ್ರಿಕ್ ಮಾತ್ರ ಕಲಿತವರು ಅದನ್ನು 'ಎರಡು ಪಾಯಿಂಟ್ ಎರಡು ಎಕರೆ' ಎಂದು ಓದಿದರೆ ಎರಡು ಎಕರೆ ಎಂಟು ಗುಂಟೆ ಮಾತ್ರ ಆಗುತ್ತದೆ. ಹನ್ನೆರಡು ಗುಂಟೆ, ಅಂದರೆ 13,068 ಚದರಡಿ, ಕಾಗದದ ಮೇಲೆಯೇ ಮಾಯ. ಭಾಗ ಪತ್ರ ಬರೆಸುವಾಗ, ಪರಿಹಾರದ ಲೆಕ್ಕ ಹಾಕುವಾಗ ಇದು ಸಣ್ಣ ಮಾತಲ್ಲ. ಅಡಿಯಲ್ಲೂ ಇದೇ ಗೋಜಲು. ಐದು ಅಡಿ ಆರು ಇಂಚನ್ನು 5.6 ಅಡಿ ಎಂದು ಬರೆಯುವವರು ಬಹಳ. ಲೆಕ್ಕದ ಯಂತ್ರಕ್ಕೆ ಅದು 5.6, ನಿಜವಾಗಿ ಇರಬೇಕಾದದ್ದು 5.5. ಮರ, ಕಬ್ಬಿಣದ ಕೆಲಸದವರು ಈ ಬಲೆಗೆ ಬೀಳುವುದು ಕಡಿಮೆ. ಇಂಚಿನ ಎಂಟನೆಯ ಒಂದು ಪಾಲನ್ನು 'ನೂಲು' ಎಂದು ಕರೆದು ಎರಡಿಂಚು ಮೂರು ನೂಲು ಎಂದು ಬಾಯಲ್ಲೇ ಹೇಳುವವರಿಗೆ ಚುಕ್ಕೆಯ ಹಂಗೇ ಇಲ್ಲ.

ಬೆಂಗಳೂರಿನಲ್ಲಿ 'ಮೂವತ್ತು ನಲವತ್ತು' ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1200 ಚದರಡಿಯ ನಿವೇಶನ. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನಗಳ ಅಳತೆ ಮೀಟರಿನಲ್ಲಿದೆ: 9 ಮೀಟರು ಅಗಲ, 12 ಮೀಟರು ಉದ್ದ. ಇದನ್ನೂ ಜನ ಮೂವತ್ತು ನಲವತ್ತು ಎಂದೇ ಕರೆಯುತ್ತಾರೆ. ಪಟ್ಟಿಯ ಎರಡೂ ಅಂಚನ್ನು ಹಿಡಿದು ನೋಡಿದರೆ 9 ಮೀಟರೆಂದರೆ ಸುಮಾರು 29 ಅಡಿ 6 ಇಂಚು, 12 ಮೀಟರೆಂದರೆ ಸುಮಾರು 39 ಅಡಿ 4 ಇಂಚು. ಒಟ್ಟು ಸುಮಾರು 1162 ಚದರಡಿ. ಕಡಿಮೆಯಾದ 37 ಚದರಡಿಯಲ್ಲಿ ಸಣ್ಣದೊಂದು ಬಚ್ಚಲುಮನೆ ಕಟ್ಟಬಹುದು. ಅಗಲದಲ್ಲಿ ಹೋದ ಐದೂವರೆ ಇಂಚಿಗಿಂತ ತುಸು ಹೆಚ್ಚಿನ ಜಾಗ, ನಾಲ್ಕೂವರೆ ಇಂಚಿನ ಒಂದು ಒಳಗೋಡೆಯ ದಪ್ಪವನ್ನೂ ಮೀರುತ್ತದೆ.