ಒಲೆಯ ಬಿಸಿ, ಗೋಡೆಯ ಬಿಸಿ



ಇಂಗ್ಲಿಷ್ ಕಥೆಗಳಲ್ಲಿ ಚಳಿಗಾಲದ ರಾತ್ರಿ ಬಂದರೆ ಗೋಡೆಯೊಳಗಿನ ಅಗ್ಗಿಷ್ಟಿಕೆಯೂ ಬರುತ್ತದೆ. ಕೊರಡು ಉರಿಯುತ್ತದೆ, ಮನೆಮಂದಿ ಸುತ್ತ ಕೂರುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹಳೆಯ ಮನೆಗಳಲ್ಲಿ ಅಂಥ ಅಗ್ಗಿಷ್ಟಿಕೆಯ ರೂಢಿಯಿಲ್ಲ. ಹಾಗಾದರೆ ಪುಷ್ಯಮಾಸದ ಚಳಿಯನ್ನು ಇಲ್ಲಿಯ ಜನ ಹೇಗೆ ಕಳೆದರು?

ಮೊದಲ ಉತ್ತರ ಗೋಡೆಯಲ್ಲಿದೆ. ಈ ಭಾಗದ ನೆಲದಡಿ ಸುಣ್ಣಕಲ್ಲಿನ ಪದರಗಳಿವೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆ ಬೌದ್ಧ ಸ್ತೂಪಕ್ಕೆ ಹೊದಿಸಿದ್ದೂ ಸುಣ್ಣಕಲ್ಲಿನ ಫಲಕಗಳನ್ನೇ. ಮನೆ ಕಟ್ಟುವವರೂ ಅದೇ ಕಲ್ಲನ್ನು ಹಿಡಿದರು. ನೆಲಕ್ಕೆ ಶಹಾಬಾದ ಫರಸಿ. ಗೋಡೆಗೆ ಒರಟು ಕಲ್ಲು, ನಡುವೆ ಮಣ್ಣು. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯನ್ನು ಬಿಸಿಲಿನ ಶಾಖ ದಾಟಲು ಸುಮಾರು 10 ಗಂಟೆ ಬೇಕು. ಮಧ್ಯಾಹ್ನ ಹೊರಗೋಡೆಗೆ ತಾಗಿದ ಬಿಸಿಲು ಒಳಗೆ ಮಲಗಿದವರನ್ನು ರಾತ್ರಿ ಮುಟ್ಟುತ್ತದೆ! ಚಳಿಗಾಲದಲ್ಲಿ ಇದು ವರ. ಬೇಸಿಗೆಯಲ್ಲಿ ಇದೇ ಕಾಟ. ಆಗ ಜನ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸುತ್ತಾರೆ.

ಎರಡನೆಯ ಉತ್ತರ ಅಡುಗೆಮನೆಯ ಮಣ್ಣಿನ ಒಲೆ. ತೊಗರಿ ರಾಶಿಯಾಗುವುದು ಚಳಿಗಾಲದಲ್ಲೇ. ಕಾಳು ಚೀಲಕ್ಕೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ನಸುಕಿನಲ್ಲಿ ತಾಯಿ ರೊಟ್ಟಿ ಬಡಿಯುವಾಗ ಮಕ್ಕಳು ಒಲೆಯ ಮುಂದೆ ಕೈಕಾಸಿಕೊಂಡು ಕೂರುತ್ತಿದ್ದರು. ಆ ಬೆಂಕಿ ಮಾತ್ರ ಬಹಳ ದುಂದು. ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲಿನಷ್ಟೇ. ಹೊಗೆಗೆ ಇದ್ದ ದಾರಿ ಮಾಳಿಗೆಯ ಬೆಳಕಿಂಡಿಯೊಂದೇ. ಮಕ್ಕಳು ಬಿಸಿ ಕಾಸಿಕೊಂಡು ಎದ್ದುಹೋಗುತ್ತಿದ್ದರು. ತಾಯಿ ಗಂಟೆಗಟ್ಟಲೆ ಹೊಗೆಯಲ್ಲೇ ಇರುತ್ತಿದ್ದಳು. ಕೆಮ್ಮು, ಕಣ್ಣುರಿ, ಶ್ವಾಸಕೋಶದ ರೋಗ ಅವಳ ಪಾಲಿಗೆ ಬಂದವು.

ಈಗ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1790ರ ದಶಕದಲ್ಲಿ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ, ಲಂಡನ್ನಿನ ಅಗ್ಗಿಷ್ಟಿಕೆಗಳ ಆಳವನ್ನು ತಗ್ಗಿಸಿ ಹೊಗೆಗೂಡಿನ ಕತ್ತನ್ನು ಕಿರಿದು ಮಾಡಿದ. ಶಾಖ ಹೆಚ್ಚಾಗಿ ಕೋಣೆಗೆ ಬಂತು, ಹೊಗೆ ಮೇಲೆ ಹೋಯಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಕೇಂದ್ರ ಆರಂಭವಾಯಿತು. ಅದು ರೂಪಿಸಿದ ಮೂರು ಬಾಯಿಯ, ಹೊಗೆಕೊಳವೆಯ 'ಅಸ್ತ್ರ ಒಲೆ' ಹಳ್ಳಿಗಳಿಗೆ ಬಂದದ್ದು 1980ರ ದಶಕದಲ್ಲಿ. ನಡುವಿನ ಅಂತರ ಸುಮಾರು 190 ವರ್ಷ. ಸೂತ್ರ ಕಠಿಣವಾಗಿರಲಿಲ್ಲ, ಗಾಳಿ ಬರಲು ಒಂದು ದಾರಿ, ಹೊಗೆ ಹೋಗಲು ಒಂದು ದಾರಿ ಬೇಕಿತ್ತು, ಅಷ್ಟೇ. ಅಡುಗೆಮನೆಯ ಹೊಗೆಯನ್ನು ವಿಜ್ಞಾನದ ಪ್ರಶ್ನೆಯೆಂದು ಎಣಿಸುವುದೇ ತಡವಾಯಿತು.

2016ರ ಉಜ್ವಲ ಯೋಜನೆಯ ನಂತರ ಇನ್ನಷ್ಟು ಬಡವರ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ಆದರೂ ಸ್ನಾನದ ನೀರಿಗೆ ಕಟ್ಟಿಗೆ ಒಟ್ಟುವ ಮನೆಗಳಿವೆ.

ನಿಮಗೊಂದು ಕೆಲಸ. ಈ ಚಳಿಗಾಲದಲ್ಲಿ ತಡರಾತ್ರಿ ಹಳೆಯ ಕಲ್ಲುಮನೆಯ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಒತ್ತಿರಿ. ಹೊಸ ಮನೆಯ ತೆಳುಗೋಡೆಗೂ ಒತ್ತಿರಿ. ಆಮೇಲೆ ಅಜ್ಜಿಯ ಹತ್ತಿರ ಕುಳಿತು ಒಲೆಯ ಮುಂದಿನ ದಿನಗಳನ್ನು ಕೇಳಿ. ಎರಡನ್ನೂ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆಯಿರಿ. ಅದು ನಿಮ್ಮ ಊರಿನ ಚರಿತ್ರೆಯ ಒಂದು ಪುಟ.