ರೆಸ್ಟೊರೇಷನ್ ಮತ್ತು ಜೀರ್ಣೋದ್ಧಾರ

ಇಂಗ್ಲಿಷಿನ ‘ರೆಸ್ಟೊರೇಷನ್’ ಪದಕ್ಕೆ ನಾವು ಹೆಚ್ಚು ಯೋಚಿಸದೆ ‘ಜೀರ್ಣೋದ್ಧಾರ’ ಎಂದು ಬರೆದುಬಿಡುತ್ತೇವೆ. ನಿಘಂಟಿಗೆ ಅಷ್ಟು ಸಾಕು. ಎರಡೂ ಪದಗಳ ಚರಿತ್ರೆ ಮಾತ್ರ ಅಷ್ಟು ಸರಳವಲ್ಲ.

ರೆಸ್ಟೊರೇಷನ್ ಎಂದರೆ ಕಳೆದುಹೋದುದನ್ನು ಹಿಂದಿನ ಸ್ಥಿತಿಗೆ ತರುವುದು. 1660ರಲ್ಲಿ ಎರಡನೆಯ ಚಾರ್ಲ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೆ ಮರಳಿದಾಗ ಆ ಘಟನೆಗೂ ಇದೇ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಚರ್ಚುಗಳ ದುರಸ್ತಿಗೆ ಅಂಟಿಕೊಂಡಿತು. ನೂರಾರು ವರ್ಷ ಬೆಳೆಯುತ್ತ ಬಂದಿದ್ದ ಚರ್ಚುಗಳಿಗೆ ಯಾವುದೋ ಒಂದು ಕಾಲದ ರೂಪವೇ ‘ಶುದ್ಧ’ವೆಂದು ತೀರ್ಮಾನಿಸಿ, ಅನಂತರ ಸೇರಿದ ಕಿಟಕಿಗಳನ್ನು ಕಿತ್ತು, ಗೋಡೆಯ ಹಳೆಯ ಗಾರೆಯನ್ನು ಕೆರೆದು ಹಾಕುವ ಕೆಲಸ ನಡೆಯಿತು. ಅದರ ಹೆಸರಾಂತ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ನಮ್ಮ ಮುಂಬಯಿಯ ಓದುಗರಿಗೆ ಈತ ಪರಕೀಯನಲ್ಲ: ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ವಿನ್ಯಾಸ ಅವನದೇ, ಭಾರತಕ್ಕೆ ಬಾರದೆಯೇ ಮಾಡಿಕೊಟ್ಟದ್ದು.

ಜಾನ್ ರಸ್ಕಿನ್ 1849ರಲ್ಲಿಯೇ ಇಂಥ ರೆಸ್ಟೊರೇಷನ್ನನ್ನು ವಿನಾಶವೆಂದು ಕರೆದಿದ್ದ. 1877ರಲ್ಲಿ ಟ್ಯೂಕ್ಸ್‌ಬರಿಯ ಚರ್ಚನ್ನು ಸ್ಕಾಟ್ ಕೈಗೆತ್ತಿಕೊಳ್ಳಲಿರುವ ಸುದ್ದಿ ಓದಿ ಕವಿ ವಿಲಿಯಂ ಮೋರಿಸ್ ಪತ್ರಿಕೆಗೆ ಪ್ರತಿಭಟನೆಯ ಪತ್ರ ಬರೆದ. ಅದೇ ವರ್ಷ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವೂ ಹುಟ್ಟಿತು. ಸಂಘದ ಹೆಸರಿನಲ್ಲಿ ‘ರೆಸ್ಟೊರೇಷನ್’ ಇರಲಿಲ್ಲ, ‘ಪ್ರೊಟೆಕ್ಷನ್’ ಇತ್ತು. ಜನ ಅದಕ್ಕೆ ‘ಆಂಟಿ-ಸ್ಕ್ರೇಪ್’, ಎಂದರೆ ಕೆರೆಯುವುದರ ವಿರೋಧಿ, ಎಂದು ಅಡ್ಡಹೆಸರಿಟ್ಟರು. ಅದರ ವಾದ ಸರಳ: ಸೋರುವ ಮಾಡನ್ನು ಕೂಡಲೇ ಸರಿಪಡಿಸಿ, ವಾಲುವ ಗೋಡೆಗೆ ಆಸರೆ ಕೊಡಿ, ಉಳಿದುದನ್ನು ಮುಟ್ಟಬೇಡಿ. ಜಾನ್ ಮಾರ್ಷಲ್ 1923ರಲ್ಲಿ ಭಾರತದ ಪುರಾತತ್ತ್ವ ಇಲಾಖೆಗೆ ಬರೆದುಕೊಟ್ಟ ಸಂರಕ್ಷಣಾ ಕೈಪಿಡಿಯಲ್ಲಿಯೂ ಬಹುಮಟ್ಟಿಗೆ ಇದೇ ನಿಲುವಿದೆ. ಪೂಜೆ ನಡೆಯುವ ಕಟ್ಟಡಗಳ ವಿಷಯದಲ್ಲಿ ಮಾತ್ರ ಅವನು ತುಸು ಸಡಿಲ.

ಈ ಎಚ್ಚರವನ್ನು ಇಂಗ್ಲಿಷರಿಂದಲೇ ಕಲಿಯಬೇಕಾಗಿತ್ತೆ ಎಂದು ಕೇಳುವವರು ನಮ್ಮ ಶಾಸನಗಳನ್ನು ನೋಡಬೇಕು. ದೇವಾಲಯಕ್ಕೂ ಬಸದಿಗೂ ಭೂಮಿ ಬಿಟ್ಟ ಎಷ್ಟೋ ದತ್ತಿಗಳಲ್ಲಿ ಅಂಗಭೋಗ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬರುತ್ತದೆ. ಮುರಿದದ್ದು ಖಂಡ, ಬಿರಿದದ್ದು ಸ್ಫುಟಿತ, ಸವೆದದ್ದು ಜೀರ್ಣ. ಕಟ್ಟಡ ಹಾಳಾಗುವ ಬಗೆಗಳನ್ನು ಬಿಡಿಬಿಡಿಯಾಗಿ ಹೆಸರಿಸಿದವರು ಸೂಕ್ಷ್ಮವಾಗಿಯೇ ನೋಡಿದ್ದರು. ದತ್ತಿಯಾಗಿ ಕೊಟ್ಟದ್ದು ಭೂಮಿ. ಅದರ ಉತ್ಪತ್ತಿ ಬೆಳೆಯಿಂದ ಬೆಳೆಗೆ ಬರುವಂಥದು. ಆದ್ದರಿಂದ ದುರಸ್ತಿಯೂ ಒಮ್ಮೆ ಮಾಡಿ ಮುಗಿಸುವ ಸಮಾರಂಭವಾಗಿರದೆ, ನಂದಾದೀಪದ ಎಣ್ಣೆಯಂತೆ ನಿರಂತರವಾದ ವೆಚ್ಚವಾಗಿತ್ತೆಂದು ನಾವು ಓದಿಕೊಳ್ಳುತ್ತೇವೆ.

ಇಂದು ಆ ಮಾತಿನ ಮೊದಲೆರಡು ಪದಗಳು ಬಳಕೆಯಿಂದ ಬಿದ್ದುಹೋಗಿವೆ. ಉಳಿದ ‘ಜೀರ್ಣೋದ್ಧಾರ’ ಫಲಕಗಳಲ್ಲಿಯೂ ದೇಣಿಗೆಯ ರಸೀದಿಗಳಲ್ಲಿಯೂ ಮೆರೆಯುತ್ತಿದೆ. ಆ ಫಲಕದ ಹಿಂದೆ ಹಲವು ಕಡೆ ನಡೆಯುವುದು ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿಯುವುದು, ಹಾಸುಗಲ್ಲಿನ ಮೇಲೆ ಟೈಲ್ಸ್ ಕೂರಿಸುವುದು, ಸುಣ್ಣದ ಗಾರೆಯನ್ನು ಕೆರೆದು ಸಿಮೆಂಟು ಮೆತ್ತುವುದು.