ಶತಮಾನ ದಾಟಿದ ‘ವಿಜ್ಞಾನ’: ಅಲಹಾಬಾದಿನ ಮಾಸಪತ್ರಿಕೆಯೂ ಅದೇ ಹೆಸರಿನ ಕನ್ನಡ ಪತ್ರಿಕೆಯೂ

‘ವಿಜ್ಞಾನ’ವು ಅಲಹಾಬಾದಿನ ವಿಜ್ಞಾನ ಪರಿಷತ್ತು 1915ರ ಏಪ್ರಿಲ್ ತಿಂಗಳಲ್ಲಿ ಆರಂಭಿಸಿದ ಹಿಂದಿ ಮಾಸಪತ್ರಿಕೆ. ಭಾರತೀಯ ಭಾಷೆಗಳ ಜನಪ್ರಿಯ ವಿಜ್ಞಾನ ಪತ್ರಿಕೆಗಳಲ್ಲಿ ಇಷ್ಟು ದೀರ್ಘಾಯುಷ್ಯ ಪಡೆದವು ವಿರಳ. ತಾಯ್ನುಡಿಯಲ್ಲಿ ವಿಜ್ಞಾನ ಕಲಿಯುವ ಮಕ್ಕಳುಳ್ಳ ನಾವು ಅರಿಯಬೇಕಾದ ಚರಿತ್ರೆ ಇದು.

ಸ್ಥಾಪನೆ

ಪರಿಷತ್ತು 1913ರಲ್ಲಿ ಹುಟ್ಟಿತು. ಸ್ಥಾಪಕರು ನಾಲ್ವರೂ ಮ್ಯೂರ್ ಸೆಂಟ್ರಲ್ ಕಾಲೇಜಿನ ಅಧ್ಯಾಪಕರು: ಸಂಸ್ಕೃತದ ಗಂಗಾನಾಥ ಝಾ, ಅರಬ್ಬಿಯ ಹಮೀದುದ್ದೀನ್, ಭೌತಶಾಸ್ತ್ರದ ಸಾಲಿಗ್ರಾಮ ಭಾರ್ಗವ, ರಸಾಯನಶಾಸ್ತ್ರದ ರಾಮದಾಸ ಗೌಡ್. ಉನ್ನತ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ, ದೇಶಭಾಷೆಗಳಲ್ಲಿ ವೈಜ್ಞಾನಿಕ ಸಾಹಿತ್ಯವನ್ನು ನಿರ್ಮಿಸುವುದು ಅವರ ಸಂಕಲ್ಪವಾಗಿತ್ತು. ಭಾಷಾಪಂಡಿತರಿಬ್ಬರು ವಿಜ್ಞಾನಿಗಳಿಬ್ಬರೊಡನೆ ಕೈಗೂಡಿಸಿದ್ದು ಆಕಸ್ಮಿಕವಲ್ಲ. ವಿಷಯ ಬಲ್ಲವರಿಗೆ ಪದಗಳೂ ಬೇಕಾಗಿದ್ದವು.

ಮುಂದುವರಿಕೆ

ಸಂಪಾದಕತ್ವವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತು. ಗಣಿತಜ್ಞ ಗೋರಖ್ ಪ್ರಸಾದ್, ರಸಾಯನಶಾಸ್ತ್ರಜ್ಞ ಸತ್ಯಪ್ರಕಾಶ್ ಮೊದಲಾದ ವಿಶ್ವವಿದ್ಯಾಲಯದ ಅಧ್ಯಾಪಕರು ಆ ಹೊಣೆಯನ್ನು ಹೊತ್ತರು. 1958ರಲ್ಲಿ ಪರಿಷತ್ತು ಸಂಶೋಧನ ಪ್ರಬಂಧಗಳಿಗಾಗಿಯೇ ಇನ್ನೊಂದು ಹಿಂದಿ ಪತ್ರಿಕೆಯನ್ನು ಹೊರತಂದಿತು. 2015ರಲ್ಲಿ ‘ವಿಜ್ಞಾನ’ಕ್ಕೆ ನೂರು ತುಂಬಿತು.

ಕನ್ನಡದ ‘ವಿಜ್ಞಾನ’

ಮೂರು ವರ್ಷಗಳ ಬಳಿಕ, 1918ರಲ್ಲಿ, ಬೆಂಗಳೂರಿನಲ್ಲಿಯೂ ಇದೇ ಹೆಸರಿನ ಮಾಸಪತ್ರಿಕೆ ಪ್ರಕಟವಾಯಿತು. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಈ ಪ್ರಯತ್ನದ ಹಿಂದೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಇದ್ದರು. ಅದು ಸುಮಾರು ಎರಡು ವರ್ಷವಷ್ಟೇ ನಡೆಯಿತು. ಆದರೂ ಬೆಳ್ಳಾವೆಯವರ ಕಾರ್ಯ ನಿಲ್ಲಲಿಲ್ಲ; ‘ಜೀವವಿಜ್ಞಾನ’ವೆಂಬ ಅವರ ಗ್ರಂಥ ಮುಂದೆ ಬಂದಿತು. 1978ರಲ್ಲಿ ‘ಬಾಲವಿಜ್ಞಾನ’ ಆರಂಭವಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಈ ಮಾಸಪತ್ರಿಕೆಯನ್ನು ಜೆ.ಆರ್. ಲಕ್ಷ್ಮಣರಾವ್ ಅವರು ದೀರ್ಘಕಾಲ ಸಂಪಾದಿಸಿದರು.

ಪದಗಳ ಪ್ರಶ್ನೆ

ಇಂತಹ ಪತ್ರಿಕೆಗಳ ಮುಖ್ಯ ಕೊಡುಗೆಯೆಂದರೆ ಪಾರಿಭಾಷಿಕ ಪದಗಳನ್ನು ಬಳಸಿ ಬಳಸಿ ನೆಲೆಗೊಳಿಸುವುದು. ಅದರ ಬೆಲೆ ಗಡಿನಾಡಿನವರಿಗೆ ಚೆನ್ನಾಗಿ ತಿಳಿದಿದೆ. ಕನ್ನಡ ಪಾಠದಲ್ಲಿ ‘ಪರಮಾಣು’ಗಳು ಕೂಡಿ ‘ಅಣು’ವಾಗುತ್ತದೆ, ಹಿಂದಿಯಲ್ಲಿಯೂ ಹಾಗೆಯೇ. ಆದರೆ ಮರಾಠಿಯಲ್ಲಿ ‘ಅಣು’ಗಳು ಕೂಡಿದರೆ ‘ರೇಣು’. ಹೀಗಾಗಿ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಮಗುವೂ ಪಕ್ಕದ ಮರಾಠಿ ಶಾಲೆಯ ಮಗುವೂ ‘ಅಣು’ ಎಂದಾಗ ಹೇಳುವುದು ಒಂದೇ ವಸ್ತುವನ್ನಲ್ಲ. ಮಲಯಾಳದಲ್ಲಿ ‘ಅಣು’ವಿಗೆ ‘ತನ್ಮಾತ್ರ’ ಎನ್ನುತ್ತಾರೆ. ಕಾಸರಗೋಡಿನ ಮಕ್ಕಳಿಗೆ ಇದು ಎದುರಾಗುತ್ತದೆ.

ಪಠ್ಯಪುಸ್ತಕವೊಂದರಿಂದಲೇ ಈ ಗೊಂದಲ ತೀರದು. ಒಂದೇ ಪದವನ್ನು ಹತ್ತು ಸಂದರ್ಭಗಳಲ್ಲಿ ಓದಿದಾಗಲೇ ಅದು ಮಗುವಿನ ಸ್ವಂತದ್ದಾಗುತ್ತದೆ. ಅಂತಹ ಓದನ್ನು ಒದಗಿಸುವುದು ತಿಂಗಳು ತಿಂಗಳು ಮನೆಗೆ ಬರುವ ಪತ್ರಿಕೆ. ಎರಡು ‘ವಿಜ್ಞಾನ’ಗಳಲ್ಲಿ ಒಂದು ನಿಂತಿತು, ಒಂದು ಶತಮಾನ ದಾಟಿತು. ನಮ್ಮ ಭಾಷೆಯ ಪತ್ರಿಕೆ ಉಳಿಯಬೇಕಾದರೆ ಬರೆಯುವವರಷ್ಟೇ ಸಾಲದು. ಚಂದಾ ಕಟ್ಟಿ ತರಿಸಿ, ಮಕ್ಕಳೊಡನೆ ಕುಳಿತು ಓದುವ ಮನೆಗಳೂ ಬೇಕು. ಆ ಮನೆಗಳು ನಮ್ಮವೇ.